ಮನೆ ಮಾಲಕರಿಗೆ ನಿತ್ಯ ಮಂಗಳಾರತಿ

ಇನ್ನು ಈ ಜನ್ಮದಲ್ಲಿ ಸಿಟ್ಟು ಮಾಡುವುದಿಲ್ಲ ಎಂದು ನಾನು ಘೋಷಿಸಿದ್ದು ಒಂದು ಸೋಮವಾರ ಬೆಳಿಗ್ಗೆ. ಬೀದರಿನಿಂದ ನಾಸಿಕ್‌ಗೆ ವರ್ಗವಾಗಿ ಬಂದ ಬ್ಯಾಂಕ್ ನೌಕರ ನಾನು. ಅದರ ಹಿಂದಿನ ಶನಿವಾರ ನಮಗೆಲ್ಲ ಒತ್ತಡ ನಿಭಾಯಿಸುವ ಶಿಬಿರ ನಡೆದಿತ್ತು. "ಸಿಟ್ಟು ನುಂಗಬೇಡಿ, ಕಾರಲೂ ಬೇಡಿ. ನಗುತ್ತಾ ಹೊರಗೆ ಬಿಡಿ" ಎಂದಿದ್ದರು ಅಲ್ಲಿನ ಗುರುಗಳು.

"ಸಂಜಿತನಕರೆ ತಡೀತದೇನ್ರಿ?" ಎಂದಳು ಹೆಂಡತಿ ಉಮಾಶ್ರೀ.

"ಸಾಯೋತನಕ ತಡೀತದ."

"ಮೊದಲ ಮೆಟ್ಟಿಲು ಇಳದು ತೋರಸ್ರಿ."

ಮೆಟ್ಟಿಲೇ ನನ್ನ ಸಿಟ್ಟಿನ ಮೂಲಸ್ಥಾನ. ನಮ್ಮದು ಮೊದಲ ಮಹಡಿ; ಮನೆ ಮಾಲಕರಾದ ಗೋವಿಂದರಾವ್ ಇರುವುದು ಅದರ ಮೇಲಿನ ಮಹಡಿಯಲ್ಲಿ. ಅವರ ಭಾವಮೈದುನ ಲಾಸಲಗಾಂವ್‌ನಿಂದ ಈರುಳ್ಳಿ ಮೂಟೆ ಕಳಿಸುತ್ತಾನೆ. ಇವರು ಅದನ್ನು ಒಣಗಲೆಂದು ಮೆಟ್ಟಿಲ ಮೇಲೆ ಹರವುತ್ತಾರೆ. ನಾನು ಉಸಿರೆತ್ತುವಂತಿಲ್ಲ. ಮಗಳ ಶಾಲೆ ಪಕ್ಕದಲ್ಲೇ ಇದೆ, ಇಂಥ ಮನೆ ಬೇರೆ ಸಿಗದು, ಬಾಡಿಗೆ ಕರಾರು ಮುಗಿಯಲು ಮೂರೇ ವಾರ ಉಳಿದಿತ್ತು. ಹೀಗಾಗಿ ಮೆಟ್ಟಿಲ ಸಿಟ್ಟು ಹಗಲು ಗ್ರಾಹಕರ ಮೇಲೆ, ಸಂಜೆ ಉಮಾಶ್ರೀಯ ಮೇಲೆ ಬೀಳುತ್ತಿತ್ತು.

ಅಂದು ಈರುಳ್ಳಿಯೊಂದು ಕಾಲಡಿ ಉರುಳಿ, ನಾಲ್ಕು ಮೆಟ್ಟಿಲುಗಳನ್ನು ನಾನು ಕೂತೇ ಇಳಿದೆ.

"ಕಾಯ್ ಝಾಲಂ, ಸಾಹೇಬ್?" ಮೇಲಿನಿಂದ ಗೋವಿಂದರಾವ್ ಏನಾಯಿತೆಂದು ವಿಚಾರಿಸಿದರು.

ನಾನು ಎದ್ದೆ. ಕೈಮುಗಿದೆ. ಹಲ್ಲೆಲ್ಲ ಕಾಣುವಂತೆ ನಕ್ಕು, ಅಚ್ಚ ಕನ್ನಡದಲ್ಲಿ ಅಂದೆ: "ಏ ಉಳ್ಳಾಗಡ್ಡಿ ಸಾವ್ಕಾರ, ಮೆಟ್ಟಿಲು ನಡ್ಯಾಕ ಅದಾವೋ, ಸಂತಿ ಹಚ್ಚಾಕೋ? ನಿನ್ನ ಬುದ್ಧಿ ಕೊಳತದ. ಮೊದಲ ಅದನ್ನ ಬಿಸಲಿಗಿ ಹಾಕು."

"ಇದೇನಿದು?" ಎಂದರು ಹಿಂದಿಯಲ್ಲಿ.

"ನಮ್ಮ ಕಡೆಯ ಆಶೀರ್ವಾದ" ಎಂದೆ. ಪಾಪ, ತಲೆಬಾಗಿ ಸ್ವೀಕರಿಸಿದರು!

ಆ ದಿನ ಬ್ಯಾಂಕಿನಲ್ಲಿ ಯಾರ ಮೇಲೂ ರೇಗಲಿಲ್ಲ. ಸಂಜೆ ಉಮಾಶ್ರೀಗೆ ಹೂವು ತಂದೆ. ಔಷಧ ಸಿಕ್ಕ ಮೇಲೆ ಬಿಡುವುದುಂಟೇ? ದಿನಕ್ಕೊಂದು ಹೊಸ ಆಶೀರ್ವಾದ ಶುರುವಾಯಿತು.

"ಯಾರಿಗರೆ ತಿಳದೀತು" ಎಂದು ಉಮಾಶ್ರೀ ಹೆದರಿಸಿದಳು.

"ಈ ಬಿಲ್ಡಿಂಗಿನಾಗ ಕನ್ನಡ ಬರೋರು ನಾವಷ್ಟೇ."

ಕರಾರು ನವೀಕರಿಸುವ ದಿನ ಇಬ್ಬರೂ ಮೇಲೆ ಹೋದೆವು. ಗೋವಿಂದರಾವ್ ಅಪ್ಪಿಕೊಳ್ಳುವುದೊಂದು ಬಾಕಿ. ಮೊಣಕಾಲು ನೋವಿನಿಂದ ಎಂದೂ ಕೆಳಗಿಳಿಯದ ಅವರ ಹೆಂಡತಿ ಅಲಕಾಬಾಯಿ ಚಹಾ ತಂದಿಟ್ಟರು.

"ನಮ್ಮಾಕೆಯ ತವರು ಅಕ್ಕಲಕೋಟ" ಎಂದರು ಗೋವಿಂದರಾವ್. "ಕನ್ನಡ ಚೆನ್ನಾಗಿ ಬರುತ್ತದೆ. ನಿಮ್ಮ ಆಶೀರ್ವಾದದ ಅರ್ಥ ದಿನವೂ ಹೇಳುತ್ತಾಳೆ. ನೂರು ವರ್ಷ ಬಾಳು ಅಂತೀರಂತೆ, ನನ್ನ ಬುದ್ಧಿ ಹೊಗಳ್ತೀರಂತೆ. ಬಾಡಿಗೆ ಏರಿಸಲು ಮನಸ್ಸಾಗಲಿಲ್ಲ." ಹಾಗೆಂದು ಕನ್ನಡಕ ತರಲು ಒಳಗೆ ಹೋದರು.

ನಾನು ಕಪ್ಪು ಕೆಳಗಿಟ್ಟು ಕೈಮುಗಿದೆ. "ತಪ್ಪಾತ್ರಿ ಅಕ್ಕೋರೆ" ಎಂದೆ.

"ತಪ್ಪೇನ್ರಿ? ಮೂವತ್ತು ವರ್ಷದಿಂದ ನಾ ಅನ್ನಬೇಕಂತ ಬಾಯಿತನಕ ಬಂದಿದ್ದು ನೀವು ಅಂದ್ರಿ. ಖಿಡಕ್ಯಾಗ ನಿಂತು ಅದನ್ನ ಕೇಳಿದ ಮ್ಯಾಲೇ ನನ್ನ ಚಾ. ದಿನಾ ಮನಸ್ಸು ಹಗುರ ಇರ್ತದ. ಆದ್ರ ಖಾರ ಸಾಲವಲ್ದು."

"ಖಾರ ಇನ್ನೂ ಕಲೀತೀನ್ರಿ" ಎಂದೆ, ಜೀವ ಬಂದಂತಾಗಿ.

"ದೂರ ಹೋಗಬ್ಯಾಡ್ರಿ, ನಿಮ್ಮ ಮನ್ಯಾಕಿ ಕಡೀಂದನ ಕಲೀರಿ. ನೀವು ಬ್ಯಾಂಕಿಗಿ ಹೋದ ಮ್ಯಾಲೆ, ರೊಟ್ಟಿ ತಟ್ಟೋ ಮುಂದ ನಿಮಗ ದಿನಾ ಮಾಡ್ತಾರಲ್ಲ ಆಶೀರ್ವಾದ, ಅದರ ಮುಂದ ನಿಮ್ಮದು ಏನೂ ಅಲ್ಲ."

ನಾನು ಉಮಾಶ್ರೀಯತ್ತ ತಿರುಗಿದೆ. ಹಲ್ಲೆಲ್ಲ ಕಾಣುವಂತೆ ನಗುತ್ತಾ ಕೂತಿದ್ದಳು.