ಎದೆಯೊಳಗಿನ ಫೋಟೋ ಯಾವ ಬಾಬ್ತು?

ನನ್ನ ಸೋದರಮಾವನ ಮುಂದೆ ಸಾಕ್ಷಾತ್ ದೇವರೇ ಪ್ರತ್ಯಕ್ಷನಾಗಿ ‘ಏನು ವರ ಬೇಕು, ಕೇಳು’ ಎಂದಿದ್ದರೂ ಅವರು ಮೊದಲು ಕೇಳುತ್ತಿದ್ದುದು ‘ಇದು ಯಾವ ಬಾಬ್ತಿಗೆ ಬರ್ತದೆ?’ ಎಂದೇ. ದೇವರು ಕೊಂಚ ತಡವರಿಸಿದರೂ ಸಾಕು, ವರಕ್ಕೆ ಆಕ್ಷೇಪಣೆ ಬರೆದು ಬಂದ ದಾರಿಯಲ್ಲೇ ವಾಪಸ್ಸು ಕಳಿಸಿಬಿಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ಅವರು ಕೆ.ಆರ್.ಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನೌಕರರು ತಮ್ಮ ಆಸ್ಪತ್ರೆ ಖರ್ಚನ್ನು ಸರ್ಕಾರದಿಂದ ವಾಪಸ್ಸು ಪಡೆಯಲು ಕೊಡುವ ಬಿಲ್ಲುಗಳೆಲ್ಲ ಅವರ ಮೇಜಿಗೇ ಬರಬೇಕು. ಒಂದೊಂದು ಚಿಕಿತ್ಸೆಗೂ ಒಂದೊಂದು ಬಾಬ್ತು, ಬಾಬ್ತಿಗೊಂದು ನಂಬರು, ನಂಬರಿಗೊಂದು ದರ. ಹಲ್ಲು ಕೀಳಿಸಿದ್ದು ಒಂದು ಬಾಬ್ತಾದರೆ ಕಟ್ಟಿಸಿದ್ದು ಇನ್ನೊಂದು. ಹೆಸರು ಸ್ವಲ್ಪ ಅತ್ತಿತ್ತಾದರೂ ಮಾವನ ಕೆಂಪು ಶಾಯಿ ಹರಿಯಿತೆಂದೇ ಅರ್ಥ.

ಕಚೇರಿಯ ಚಾಳಿ ಕಚೇರಿಯಲ್ಲೇ ಉಳಿದಿದ್ದರೆ ಯಾರಿಗೇನು ಕಷ್ಟವಿತ್ತು? ಅದು ಅವರ ಜೊತೆಯಲ್ಲೇ ಸೈಕಲ್ ಹತ್ತಿ ಮನೆಗೂ ಬರುತ್ತಿತ್ತು. ಅತ್ತೆ ಹುರುಳಿಕಾಯಿ ಪಲ್ಯ ಬಡಿಸಿದರೆ ಮಾವ ತಟ್ಟೆಯನ್ನು ದಿಟ್ಟಿಸಿ, “ಇದ್ರಲ್ಲಿ ಹುರುಳಿಕಾಯಿಗಿಂತ ಕಾಯಿತುರಿನೇ ಜಾಸ್ತಿ ಅದೆ. ಇದ್ನ ಪಲ್ಯ ಅನ್ನಂಗಿಲ್ಲ, ಚಟ್ನಿ ಬಾಬ್ತಿಗೆ ಹಾಕ್ಬೇಕು” ಎನ್ನುತ್ತಿದ್ದರು.

“ಬಾಬ್ತು ಬದಲಾಯ್ಸಿದ್ರೆ ರುಚಿ ಬದಲಾಯ್ತದಾ? ಸುಮ್ಕೆ ಉಣ್ಣಿ” ಎಂದು ಅತ್ತೆ ಇನ್ನೊಂದು ಸೌಟು ಹಾಕುತ್ತಿದ್ದರು.

ಈ ಚಾಳಿಯಿಂದಲೇ ಮಾವನಿಗೂ ಅವರ ಷಡ್ಡಕನಿಗೂ, ಅಂದರೆ ಅತ್ತೆಯ ತಂಗಿಯ ಗಂಡನಿಗೂ, ಮಾತು ನಿಂತುಹೋಗಿತ್ತು. ಷಡ್ಡಕ ಸಿಂಧಘಟ್ಟದ ಕಡೆ ಶಾಲಾ ಮೇಷ್ಟ್ರು. ಮನೆ ಮಾತ್ರ ಪೇಟೆಯಲ್ಲೇ, ಮಾವನ ಮನೆಯ ಹಿಂದಿನ ಬೀದಿಯಲ್ಲಿ. ಮಹಾ ತಮಾಷೆಯ ಮನುಷ್ಯ. ಹೊಣಕೆರೆಯಲ್ಲಿ ನಡೆದ ಒಂದು ಬೀಗರೂಟದಲ್ಲಿ ಮಾವ ತಮ್ಮ ಎಲೆಯನ್ನು ತೋರಿಸಿ, “ಬೋಟಿ ಗೊಜ್ಜು ಅಂದ್ಮೇಲೆ ಕರುಳು ತಾನೇ ಇರ್ಬೇಕು, ಇದ್ರಲ್ಲಿ ಕಾಲಿನ ಮೂಳೆ ಯಾಕ್ ಬಂತು?” ಎಂದು ಬಡಿಸುವವನನ್ನು ತಡೆದು ನಿಲ್ಲಿಸಿದರು. ಪಕ್ಕದಲ್ಲಿದ್ದ ಮೇಷ್ಟ್ರು, “ತಿನ್ನಿ ಅಣ್ಣ, ಮೂಳೆಗೆಲ್ಲ ಎಲ್ಲಿಂದ ವೋಚರ್ ತಂದಾರು ಪಾಪ” ಎಂದರು. ಇಡೀ ಪಂಕ್ತಿ ನಕ್ಕಿತು. ಮಾವ ಅರ್ಧ ಊಟದಲ್ಲೇ ಎದ್ದು ಕೈ ತೊಳೆದುಕೊಂಡವರು, ಷಡ್ಡಕನ ಸಂಬಂಧವನ್ನೂ ತೊಳೆದುಕೊಂಡುಬಿಟ್ಟರು. ಅಕ್ಕತಂಗಿಯರು ಹಿತ್ತಿಲ ಬಾಗಿಲಲ್ಲಿ ಸಾರು ಪಲ್ಯ ಬದಲಾಯಿಸಿಕೊಳ್ಳುತ್ತಿದ್ದರು. ಗಂಡಂದಿರು ಮಾತ್ರ ಬೀದಿಯಲ್ಲಿ ಎದುರಾದರೆ ಒಬ್ಬರು ಆಕಾಶ ನೋಡುವರು, ಇನ್ನೊಬ್ಬರು ಚಪ್ಪಲಿ ನೋಡುವರು.

ಹೀಗೆ ವರ್ಷಗಳು ಕಳೆದ ಮೇಲೆ ಮಾವನ ಮೇಜಿಗೆ ಒಂದು ವಿಚಿತ್ರ ಬಿಲ್ಲು ಬಂತು. ಮೈಸೂರಿನ ಒಂದು ಆಸ್ಪತ್ರೆಯದು. ಅದರಲ್ಲಿ ಬರೆದದ್ದು ಇಷ್ಟೇ: ‘ಹೃದಯದ ರಕ್ತನಾಳಗಳ ಫೋಟೋ’. ಮೊತ್ತ ನೋಡಿದರೆ ಮದುವೆ ಆಲ್ಬಮ್ಮನ್ನೂ ಮೀರಿಸಿತ್ತು. ಬಾಬ್ತುಗಳ ಪಟ್ಟಿಯಲ್ಲಿ ಎಕ್ಸ್‌ರೇ ಇತ್ತು, ಆಪರೇಷನ್ ಇತ್ತು, ಫೋಟೋ ಇರಲಿಲ್ಲ. ಬಿಲ್ಲಿನ ಒಡೆಯ ಯಾರು? ಅದೇ ಷಡ್ಡಕ!

ಮಾವ ಎಲ್ಲರ ಬಿಲ್ಲಿಗೆ ಬರೆಯುವಂತೆಯೇ ಅದಕ್ಕೂ ಆಕ್ಷೇಪಣೆ ಬರೆದರು. ಮರುದಿನ ಮೇಷ್ಟ್ರು ಕಚೇರಿಗೆ ಬಂದರು. ಮಾತು ಬಿಟ್ಟವರು ಮಾತಾಡುವುದು ಹೇಗೆ? ಇಬ್ಬರೂ ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ ಮಾತಾಡಿದರಂತೆ. ಕಚೇರಿಯವರು ಇವತ್ತಿಗೂ ಅದನ್ನು ಅಭಿನಯಿಸಿ ತೋರಿಸುತ್ತಾರೆ.

“ಫೋಟೋ ತೆಗೆಸ್ಕಳದು ಕಾಯಿಲೆ ಖರ್ಚಲ್ಲ” ಎಂದರು ಮಾವ, ಕ್ಯಾಲೆಂಡರಿಗೆ.

“ಸ್ಟುಡಿಯೋ ಫೋಟೋ ಅಲ್ಲ ಅದು. ತೊಡೆ ಸಂದಿಲಿ ಸಣ್ಣ ಪೈಪು ತೂರ್ಸಿ, ಎದೆಗಂಟ ತಳ್ಳಿ, ಔಷ್ದಿ ಬುಟ್ಟು ತೆಗೀತಾರೆ” ಎಂದರು ಮೇಷ್ಟ್ರು, ಅದೇ ಕ್ಯಾಲೆಂಡರಿಗೆ.

“ಎದೆಗೆ ಹೋಗಕ್ಕೆ ತೊಡೆಯಿಂದ್ಲಾ? ಮೈಸೂರ್ಗೆ ನಾಗಮಂಗಲದ್ ಮೇಲೆ ಹೋದಂಗಾಯ್ತು.”

“ಅದ್ನ ಆ ಪೈಪು ತೂರ್ಸಿದೋರ್ನೇ ಕೇಳ್ಬೇಕು” ಎಂದು ಮೇಷ್ಟ್ರು ಹೊರಟುಹೋದರು.

ಮಾವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣಾರೆ ಕಾಣದ ವಸ್ತುವನ್ನು ಯಾವ ಬಾಬ್ತಿಗೆ ಹಾಕುವುದು? ಮೇಷ್ಟ್ರು ಮತ್ತೆ ಡಾಕ್ಟರಿಗೆ ತೋರಿಸಲು ಹೋಗುವ ದಿನವನ್ನು ಅತ್ತೆಯಿಂದ ತಿಳಿದುಕೊಂಡು, ಅವತ್ತೇ ತಾವೂ ರಜೆ ಹಾಕಿ ಅದೇ ಬಸ್ಸು ಹತ್ತಿದರು. ಪಾಂಡವಪುರದ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದ ನನಗೆ, “ಡಾಕ್ಟ್ರು ಇಂಗ್ಲೀಷ್ನಲ್ಲಿ ಮಾತಾಡುದ್ರೆ ನೀನಿರ್ಬೇಕು ಕಣಮ್ಮಿ” ಎಂದು ಮೊದಲೇ ಹೇಳಿ ಕಳಿಸಿದ್ದರು. ನಾನು ಬಸ್ಸು ಹತ್ತಿ ನೋಡಿದರೆ, ಮೂವರು ಕೂರುವ ಸೀಟಿನ ಒಂದು ತುದಿಗೆ ಮಾವ, ಇನ್ನೊಂದು ತುದಿಗೆ ಮೇಷ್ಟ್ರು. ನಡುವಿನ ಜಾಗ ನನ್ನದು.

“ತಿಂಡಿ ಆಯ್ತಾ ಅಂತ ಕೇಳಮ್ಮಿ ಅವ್ನ.”

“ಆಯ್ತು ಅಂತ ಹೇಳವ್ವ.”

“ಏನ್ ತಿಂದ ಕೇಳು.”

“ಇಡ್ಲಿ. ಎಣ್ಣೆ ಮುಟ್ಟಂಗಿಲ್ಲ ಅಂತ ಹೇಳು.”

ಶ್ರೀರಂಗಪಟ್ಟಣದಲ್ಲಿ ಬಸ್ಸು ನಿಂತಾಗ ಮಾವ ಕಿಟಕಿಯಿಂದ ಸೌತೆಕಾಯಿ ಕೊಂಡು, “ಇದ್ಕೆ ಎಣ್ಣೆ ಹಾಕಿಲ್ಲ ಅಂತ ಹೇಳು” ಎಂದು ನನ್ನ ಕೈಗಿಟ್ಟರು. ಮೈಸೂರು ಬರುವಷ್ಟರಲ್ಲಿ ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿ ಸುಸ್ತಾಗಿದ್ದೆ. ಡಾಕ್ಟರೋ, ಅಚ್ಚ ಕನ್ನಡದಲ್ಲೇ ಮಾತಾಡಿದರು.

ಬಾಬ್ತಿನ ಸಮಸ್ಯೆಯನ್ನು ಮಾವ ವಿವರಿಸಿದಾಗ ಡಾಕ್ಟರು ನಕ್ಕು, ಮೇಷ್ಟ್ರ ಒಪ್ಪಿಗೆ ಕೇಳಿ, ಅವರ ಫಿಲ್ಮನ್ನು ಒಂದು ಕತ್ತಲೆ ಕೋಣೆಯಲ್ಲಿ ಹಾಕಿ ತೋರಿಸಿದರು. ಮೊದಲು ಬರೀ ಬೂದು ಬಣ್ಣ. ಔಷಧಿ ಬಿಟ್ಟದ್ದೇ ತಡ, ಮಿಡಿಯುವ ಹೃದಯದ ಮೇಲೆ ಕಪ್ಪು ಗೆರೆಗಳು ಸರ್ರನೆ ಕವಲೊಡೆದವು. ಬೇಸಿಗೆಯಲ್ಲಿ ಒಣಗಿದ್ದ ನಾಲೆಗೆ ನೀರು ಬಿಟ್ಟ ಹಾಗೆ.

“ಅಲ್ಲಿ ಯಾಕೆ ಸಣ್ಣಕಾಯ್ತು?” ಮಾವ ಬೆರಳು ತೋರಿಸಿದರು.

“ಅಲ್ಲೇ ಕಟ್ಟಿಕೊಂಡಿರೋದು.”

“ಮುಂದ್ಕೆ ಹರೀತಾನೇ ಇಲ್ವಲ್ಲ ಸಾರ್.”

“ಅದಕ್ಕೇ ತಡ ಮಾಡದೆ ಆಪರೇಷನ್ ಆಗಬೇಕು ಅಂತ ಹೋದ ಸಲವೇ ಹೇಳಿದ್ದೆ. ಮನೆಯಲ್ಲಿ ಹೇಳಿಲ್ಲವೇ?”

ಮೇಷ್ಟ್ರು ತಲೆ ತಗ್ಗಿಸಿದರು. ತಮಾಷೆಯ ಮನುಷ್ಯನಿಗೆ ಅವತ್ತು ಒಂದು ತಮಾಷೆಯೂ ಹೊಳೆಯಲಿಲ್ಲ. ಫೋಟೋದ ದುಡ್ಡೇ ಬಾರದಿದ್ದರೆ ಆಪರೇಷನ್ ಮಾತೆಲ್ಲಿ ಎಂದುಕೊಂಡು, ಹೆಂಡತಿಗೂ ಹೇಳದೆ ಎಲ್ಲವನ್ನೂ ಎದೆಯಲ್ಲೇ ಇಟ್ಟುಕೊಂಡಿದ್ದರು.

“ನೀವು ಇವರಿಗೆ ಏನಾಗಬೇಕು?” ಎಂದು ಡಾಕ್ಟರು ಮಾವನನ್ನು ಕೇಳಿದರು.

“ಅಣ್ಣ” ಎಂದರು ಮಾವ.

ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಅವರು ನನ್ನನ್ನು ಆಚೆ ಸರಿಸಿ, ಷಡ್ಡಕನ ಮುಖ ನೋಡಿಯೇ ಕೇಳಿದರು. “ಲೇ, ಬಾಯ್ ಬುಟ್ಟು ಹೇಳಕ್ಕೇನಾಗಿತ್ಲಾ ನಿಂಗೆ?”

“ನೀವು ಮಾತಾಡುಸ್ತಾನೇ ಇರ್ನಿಲ್ವಲ್ಲಣ್ಣ” ಎಂದರು ಮೇಷ್ಟ್ರು.

ಮಾವ ಎದ್ದು ಸೀದಾ ಬಿಲ್ಲು ಬರೆಯುವ ಕಿಟಕಿಗೆ ಹೋದರು. ಅಲ್ಲಿದ್ದ ಹುಡುಗಿಗೆ, “ಫೋಟೋ ಅಂತ ಬರುದ್ರೆ ಮದ್ವೆ ಫೋಟೋನೂ ಫೋಟೋನೇ ಕಣವ್ವ. ಡಾಕ್ಟ್ರು ಆಂಜಿಯೋಗ್ರಾಂ ಅಂದ್ರಲ್ಲ, ಹಂಗೇ ಬರಿ. ಪೈಪಿಂದು ಬೇರೆ, ಔಷ್ದಿದು ಬೇರೆ, ಫಿಲ್ಮಿಂದು ಬೇರೆ” ಎಂದರು.

“ಇದುವರೆಗೂ ಯಾರೂ ಹೀಗೆ ಕೇಳಿಲ್ಲ ಸಾರ್” ಎಂದಳು ಅವಳು.

“ಅವ್ರಿಗೆಲ್ಲ ನನ್ನಂತೋನು ಗಂಟುಬಿದ್ದಿಲ್ಲ, ಅದ್ಕೆ” ಎಂದರು ಮಾವ.

ಹೊಸ ಬಿಲ್ಲು ಮಂಡ್ಯದ ಮೇಲಿನ ಕಚೇರಿಗೆ ಹೋಯಿತು. ಹೋದಷ್ಟೇ ವೇಗವಾಗಿ ವಾಪಸ್ಸೂ ಬಂತು: ‘ಪಟ್ಟಿಯಲ್ಲಿ ಇಂಥ ಬಾಬ್ತು ಇರುವುದಿಲ್ಲ’. ಜೀವಮಾನವೆಲ್ಲ ಆಕ್ಷೇಪಣೆ ಬರೆದವರಿಗೇ ಆಕ್ಷೇಪಣೆ! ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಾವ ನಗಲಿಲ್ಲ. ಆಸ್ಪತ್ರೆಯಿಂದ ಆ ಫಿಲ್ಮಿನ ಡಬ್ಬಿಯನ್ನೇ ಕೇಳಿ ತಂದು, ಕಂಕುಳಲ್ಲಿ ಇಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿದರು. ಅಲ್ಲಿನ ಅಧಿಕಾರಿಯ ಕೋಣೆಯಲ್ಲಿ ಫಿಲ್ಮಿನ ಸುರುಳಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರಂತೆ.

“ನೋಡಿ ಸಾರ್, ಇದು ನಮ್ ತಮ್ಮನ ಎದೆ.”

“ನನಗೇನೂ ಕಾಣ್ತಾ ಇಲ್ಲವಲ್ಲ ರೀ.”

“ನಂಗೂ ಮೊದ್ಲು ಕಾಣ್ನಿಲ್ಲ ಸಾರ್. ವಸಿ ಹೊತ್ತು ನೋಡಿ.”

ಅಧಿಕಾರಿ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಏನು ಕಂಡಿತೋ, ಮಾವನನ್ನು ಕೂರಿಸಿ ಕಾಫಿ ತರಿಸಿದರು. ವಿಷಯವನ್ನು ತಾವೇ ಮೇಲಕ್ಕೆ ಬರೆದರು. ಬಿಲ್ಲು ಮಂಜೂರಾಯಿತು, ಅದರ ಬೆನ್ನಿಗೇ ಆಪರೇಷನ್ನಿಗೆ ಮುಂಗಡವೂ ಸಿಕ್ಕಿತು. ಆಪರೇಷನ್ ನಡೆದ ದಿನ ಬಾಗಿಲ ಹೊರಗೆ ಕೂತ ಮಾವ, ಒಳಗಿನಿಂದ ಡಾಕ್ಟರು ನಗುಮುಖದಲ್ಲಿ ಹೊರಬರುವವರೆಗೂ ಹನಿ ನೀರು ಮುಟ್ಟಲಿಲ್ಲ. ಮೇಷ್ಟ್ರು ಉಳಿದುಕೊಂಡರು.

ಆಮೇಲೆ ಒಮ್ಮೆ ರಜೆಗೆಂದು ಪೇಟೆಗೆ ಹೋಗಿದ್ದೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಅಣ್ಣತಮ್ಮಂದಿರು ವಾಕಿಂಗ್ ಹೊರಟಿದ್ದರು. ಮಾವನ ನಡಿಗೆ ಬಲು ಬಿರುಸು. ಅತ್ತೆ ಮದುವೆಯಾದಂದಿನಿಂದ ಅವರ ಬೆನ್ನನ್ನಷ್ಟೇ ನೋಡಿಕೊಂಡು ನಡೆದವರು. ಅಂಥ ಮಾವ ಅವತ್ತು ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ತೆವಳುತ್ತಿದ್ದರು. ಮೇಷ್ಟ್ರಿಗೆ ಸ್ವಲ್ಪ ಏದುಸಿರು ಬಂದಂತಾದರೆ ಸಾಕು, ಮಾವ ಮಂಡಿ ಹಿಡಿದು ನಿಲ್ಲುವರು. “ತಡಿಯಪ್ಪ, ನನ್ ಮಂಡಿ ಇಡ್ಕತು” ಎಂದು ಏರಿಯ ಕಲ್ಲಿನ ಮೇಲೆ ಕೂತೇಬಿಡುವರು.

“ವಯಸ್ಸಾಯ್ತು ಬುಡಿ ಅಣ್ಣ ನಿಮ್ಗೆ” ಎಂದು ಮೇಷ್ಟ್ರು ನಗುತ್ತ ಪಕ್ಕದಲ್ಲಿ ಕೂತು ದಣಿವಾರಿಸಿಕೊಳ್ಳುವರು.

ನನಗೆ ಕೆಡುಕೆನಿಸಿತು. ಮನೆಗೆ ಬಂದವಳೇ, “ಮಾವನ ಮಂಡಿಗೆ ಹರಳೆಣ್ಣೆನಾದ್ರೂ ಹಚ್ಚಬಾರದಾ ಅತ್ತೆ?” ಎಂದೆ.

ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಅವ್ರ ಮಂಡಿಗೇನಾಗದೆ? ಮೇಷ್ಟ್ರು ಅವ್ರ ಮನೆ ಸೇರೋಗಂಟ ನೋಯ್ತದೆ. ಆಮೇಲೆ ಸರಿಹೋಯ್ತದೆ” ಎಂದರು.