ಎಂಬತ್ತನಾಲ್ಕು ಮೆಟ್ಟಿಲುಗಳ ಎಲ್ಲರ ಸಂಜೆ

ಹೈಫಾದ 'ಬೆಟ್ಟದ ಬಣ್ಣಗಳು' ಬಳಗವು ಸಲಿಂಗಪ್ರೇಮಿಗಳ ಹಬ್ಬವಾದ ಪ್ರೈಡ್ ದಿನಗಳಲ್ಲಿ ನಡೆಸುವ ಪ್ರತಿಯೊಂದು ಕಾರ್ಯಕ್ರಮಕ್ಕೂ ಪ್ರತಿಯೊಬ್ಬರೂ ಬರಬಹುದು ಎಂದು ಅದರ ಸುಗಮ ಪ್ರವೇಶ ಉಪಸಮಿತಿಯು ಮಾರ್ಚ್ ತಿಂಗಳಲ್ಲಿ ಸರ್ವಾನುಮತದಿಂದ ತೀರ್ಮಾನಿಸಿತು. ಸಭೆ ನಡೆದದ್ದು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಉಪಸಮಿತಿಯಲ್ಲಿ ಗಾಲಿಕುರ್ಚಿಯ ಮೇಲೆ ಓಡಾಡುವ ಸದಸ್ಯರು ತಿರ್ಜಾ ಒಬ್ಬರೇ. ಅವರು ಕೆಳಗೆ ಅಂಗಳದಲ್ಲಿದ್ದರು. ಕಿಟಕಿಯ ಮೂಲಕ ಕೇಳಿಬರುವ ಸದಸ್ಯರಿಗೆ ಮಾತಾಡುವ ಹಕ್ಕು ಇದೆ, ಆದರೆ ಮತ ಹಾಕುವವರ ಕೈ ಅಧ್ಯಕ್ಷರಿಗೆ ಕಾಣಬೇಕು ಎಂಬುದು ನಮ್ಮ ನಿಯಮ. ಅಧ್ಯಕ್ಷರ ಕುರ್ಚಿ ಕಿಟಕಿಯಿಂದ ದೂರ. ಆದ್ದರಿಂದ ನಮ್ಮ ತೀರ್ಮಾನಗಳೆಲ್ಲ ಸರ್ವಾನುಮತದವೇ. ಕಾರ್ಯದರ್ಶಿಯಾಗಿ ಇದನ್ನು ಬರೆದಿಟ್ಟವನು ನಾನು.

ತಿರ್ಜಾ ಅಂಚೆ ಕಚೇರಿಯಿಂದ ನಿವೃತ್ತರಾದವರು, ವಯಸ್ಸು ಅರವತ್ತೆರಡು. ಅವರ ಸಂಗಾತಿ ರೌದಾ ನಮ್ಮ ಬೀದಿಯಲ್ಲಿ ಬೇಕರಿ ನಡೆಸುತ್ತಾರೆ. ಇಬ್ಬರೂ ಅದರ ಹಿಂದಿನ ಮನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಜೊತೆಯಾಗಿದ್ದಾರೆ. ಪ್ರೈಡ್ ಬಂದಾಗಲೆಲ್ಲ ಬಳಗದ ಕುಣಿತಕ್ಕೆ ರೌದಾ ಒಬ್ಬರೇ ಹೋಗಿ, ಅರ್ಧ ಗಂಟೆ ಗೋಡೆಗೊರಗಿ ನಿಂತು, ಮನೆಗೆ ಹಿಂತಿರುಗಿ ತಿರ್ಜಾಗೆ ವರದಿ ಒಪ್ಪಿಸುತ್ತಿದ್ದರು. ಈ ಸಲ ತಿರ್ಜಾ ಅಂಗಳದಿಂದ ಕೂಗಿ ಹೇಳಿದರು: "ಎವ್ಯಾತಾರಪ್ಪ, ನಂಗೊಂದು ಆಸೆ. ಇವಳ ಜೊತೆ ಒಂದು ಸಲ, ಒಂದೇ ಸಲ, ನಾಲ್ಕು ಜನರ ಮಧ್ಯೆ ಕುಣೀಬೇಕು. ಜಾಗ ಸಮನಾಗಿರ್ಲಿ, ಅಷ್ಟು ಸಾಕು."

ಅಧ್ಯಕ್ಷ ಎವ್ಯಾತಾರ್ ಕೆಟ್ಟ ಮನುಷ್ಯನಲ್ಲ. ಅವರ ಕಣ್ಣಲ್ಲಿ ನೀರೇ ಬಂತು. ತಕ್ಷಣ 'ಎಲ್ಲರ ಸಂಜೆ' ಎಂಬ ಕಾರ್ಯಕ್ರಮ ಮಂಜೂರಾಯಿತು. ಸ್ಥಳ, ಬೇಕರಿಯ ಪಕ್ಕದಿಂದ ಎಂಬತ್ತನಾಲ್ಕು ಮೆಟ್ಟಿಲು ಹತ್ತಿದರೆ ಸಿಗುವ ಹಳೆಯ ಸಂಘವೊಂದರ ಮಹಡಿ. ಅಲ್ಲಿಂದ ಸಮುದ್ರ ಚೆನ್ನಾಗಿ ಕಾಣುತ್ತದೆ. ನೆಲವೂ ಬಹಳ ಸಮನಾಗಿದೆ.

ಏಪ್ರಿಲ್‌ನಲ್ಲಿ ಅಲ್ಲಿ ಒಂದು ರ‍್ಯಾಂಪ್ ಕಟ್ಟಲಾಯಿತು. ಮಹಡಿಯಿಂದ ವೇದಿಕೆಗೆ ಹೋಗುವ ರ‍್ಯಾಂಪ್. ಅದರ ಇಳಿಜಾರು ನಿಯಮದಲ್ಲಿ ಹೇಳಿದಷ್ಟೇ ಇತ್ತು, ಎರಡೂ ಬದಿಗೆ ಕಂಬಿ ಇತ್ತು, ಅಂಗವಿಕಲರಲ್ಲದವರು ಇದರ ಮೇಲೆ ನಡೆಯಕೂಡದು ಎಂಬ ಫಲಕವೂ ಇತ್ತು. ಕುರುಡರಿಗೆ ಅನುಕೂಲವಾಗಲೆಂದು ಆ ಫಲಕವನ್ನು ಇನ್ನಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಸಿದೆವು. ಗದ್ದಲ ತಾಳಲಾರದವರಿಗೆ ಮೌನದ ಕೋಣೆ ಮಾಡಿದೆವು. ಅದು ಎಷ್ಟು ಪ್ರಶಾಂತವಾಗಿತ್ತೆಂದರೆ ಸಮಿತಿಯವರೆಲ್ಲ ಫೋನಿನಲ್ಲಿ ಮಾತಾಡಲು ಅಲ್ಲಿಗೇ ಹೋಗತೊಡಗಿದರು.

ಎವ್ಯಾತಾರ್ ರ‍್ಯಾಂಪಿನ ಫೋಟೊಗಳನ್ನು ಬೇಕರಿಗೆ ತಂದು ತೋರಿಸಿದರು. ನಾನೂ ಜೊತೆಗಿದ್ದೆ.

ತಿರ್ಜಾ ಕನ್ನಡಕ ಏರಿಸಿ ನೋಡಿದರು. "ತುಂಬ ಚೆನ್ನಾಗಿದೆ. ಇದರ ಹತ್ರ ಹೋಗೋದು ಹೇಗಪ್ಪ?"

"ಮೆಟ್ಟಿಲು ಇದೆಯಲ್ಲ, ತಿರ್ಜಕ್ಕ."

"ಮೆಟ್ಟಿಲು."

"ಅದು ಊರಿನ ಮೆಟ್ಟಿಲು. ನಮ್ಮ ವ್ಯಾಪ್ತಿಗೆ ಬರಲ್ಲ. ನಮ್ಮ ವ್ಯಾಪ್ತಿ ಶುರುವಾಗೋದೇ ಎಂಬತ್ತೈದರಿಂದ."

ರೌದಾ ಒಲೆಯಿಂದ ತಟ್ಟೆ ಎಳೆಯುತ್ತ ಅಂದರು, "ಏನೂ ಯೋಚ್ನೆ ಮಾಡ್ಬೇಡ, ತಿರ್ಜಾ. ಎಂಬತ್ನಾಲ್ಕನ್ನ ನೀನು ನೋಡ್ಕೊ, ಉಳಿದದ್ದೆಲ್ಲ ಸಮಿತಿ ನೋಡ್ಕೊಳ್ಳತ್ತೆ."

ಎವ್ಯಾತಾರ್ ಮುಖ ಸಣ್ಣಗಾಯಿತು. ಇಬ್ಬರೂ ಸೇರಿ ಅವರಿಗೆ ಎಳ್ಳಿನ ರೊಟ್ಟಿ ತಿನ್ನಿಸಿ ಸಮಾಧಾನ ಮಾಡಬೇಕಾಯಿತು.

ಮೇ ತಿಂಗಳಲ್ಲಿ ಉಪಸಮಿತಿಯು ತಿರ್ಜಾ ಅವರನ್ನು ಎತ್ತಿಕೊಂಡು ಹೋಗಲು ನಾಲ್ವರು ಸ್ವಯಂಸೇವಕರನ್ನು ನೇಮಿಸಿತು. ಎತ್ತಿಸಿಕೊಳ್ಳುತ್ತೀರಾ ಎಂದು ತಿರ್ಜಾರನ್ನು ಕೇಳಿದ್ದು ಜೂನ್‌ನಲ್ಲಿ.

"ನಾನೇನು ಹಿಟ್ಟಿನ ಮೂಟೆನಾ?" ಅಂದರು ತಿರ್ಜಾ. "ಮದುವಣಗಿತ್ತಿ ಆಗಿದ್ರೆ ಒಂದು ಮಾತು. ಅದಕ್ಕೂ ಈ ಊರಲ್ಲಿ ನಮ್ಮಿಬ್ಬರಿಗೆ ಕಾಗದ ಕೊಡೋರಿಲ್ಲ."

ಅಷ್ಟರಲ್ಲಿ 'ಗೌರವಪೂರ್ವಕವಾಗಿ ಎತ್ತುವ ತರಬೇತಿ' ಮುಗಿದಿತ್ತು. ತಿರ್ಜಾ ಸಿಗದ ಕಾರಣ ಸ್ವಯಂಸೇವಕರು ಒಬ್ಬರನ್ನೊಬ್ಬರು ಎತ್ತಿಕೊಂಡು ಮೆಟ್ಟಿಲು ಹತ್ತಿದ್ದರು. ನಾಲ್ವರಿಗೂ ಸೊಂಟ ಉಳುಕಿತು. ಅವರನ್ನು ನೋಡಲು ವೇದಿಕೆಯಿಂದ ಅವಸರದಲ್ಲಿ ಓಡಿದ ಎವ್ಯಾತಾರ್ ರ‍್ಯಾಂಪಿನ ಮೇಲೆ ಜಾರಿ ಕಾಲು ಮುರಿದುಕೊಂಡರು. ಅವರು ಅಂಗವಿಕಲರಲ್ಲದ ಕಾರಣ ಅವರಿಗೆ ದಂಡದ ನೋಟಿಸು ಬರೆಯಬೇಕಾಗಿತ್ತು. ಕಾಲು ಮುರಿದ ಕ್ಷಣದಿಂದ ಅರ್ಹರಾದರು ಎಂದು ನಾನು ಷರಾ ಬರೆದು ಕಡತ ಮುಚ್ಚಿದೆ.

ಇದರಿಂದ ಒಂದು ಒಳ್ಳೆಯದೂ ಆಯಿತು. 'ಸುಗಮ ಉತ್ಸವ' ಪ್ರಶಸ್ತಿಗೆ ಅರ್ಜಿ ಹಾಕಲು ಕನಿಷ್ಠ ಐವರು ಅಂಗವಿಕಲರು ಭಾಗವಹಿಸಬೇಕು. ನಮ್ಮಲ್ಲಿ ಈಗ ಸರಿಯಾಗಿ ಐವರಿದ್ದರು. ಹಿಂದಿನ ಯಾವ ವರ್ಷವೂ ಇಷ್ಟು ಪ್ರಗತಿ ಆಗಿರಲಿಲ್ಲ. ತಿರ್ಜಾ ಬರದಿದ್ದರೂ ನಡೆಯುತ್ತದೆ ಎಂದು ಉಪಸಮಿತಿಯು ಬಹಳ ಸೌಜನ್ಯದಿಂದ ಅವರಿಗೆ ಪತ್ರ ಬರೆಯಿತು.

ಆ ಪತ್ರವನ್ನು ಕೊಡಲು ಹೋದವನು ನಾನೇ. ತಿರ್ಜಾ ಓದಿ, ಮಡಿಚಿ, ಗಾಲಿಕುರ್ಚಿಯ ಚೀಲಕ್ಕೆ ಹಾಕಿಕೊಂಡರು. ಹಾಸ್ಯ ಮಾಡಲಿಲ್ಲ. ಅವರು ಹಾಸ್ಯ ಮಾಡದ್ದನ್ನು ನಾನು ಅದೇ ಮೊದಲು ನೋಡಿದ್ದು. ರೌದಾ ಮಾತ್ರ ಕೈ ಒರೆಸಿಕೊಂಡು, "ಈ ಸಲ ನಾನೂ ಹತ್ತಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಬರ್ಕೊಳ್ಳಿ ಕಾರ್ಯದರ್ಶಿಗಳೇ" ಅಂದರು.

ಬರೆದುಕೊಂಡೆ.

ಎಲ್ಲರ ಸಂಜೆಯ ದಿನ ಐದು ಗಂಟೆಗೆ ಐವರು ಅಂಗವಿಕಲರೂ ಮೇಲಿದ್ದರು. ಒಬ್ಬೊಬ್ಬರಿಗೆ ಅರ್ಧ ಗಂಟೆ ಹಿಡಿದಿತ್ತು. ಕೆಳಗೆ ರೌದಾ ಬೇಕರಿಯ ಮುಂದೆ ಮೇಜು ಹಾಕಿ, ಝಾತರ್ ಸೊಪ್ಪಿನ ಪುಡಿ ಉದುರಿಸಿದ ರೊಟ್ಟಿ, ಮೂಲಂಗಿಯ ಉಪ್ಪಿನಕಾಯಿ, ನಿಂಬೆ ಪಾನಕ ಇಟ್ಟರು. ಕಿಟಕಿಯಲ್ಲಿ ಸ್ಪೀಕರ್ ಇಟ್ಟು ಹಾಡು ಹಾಕಿದರು. ಮೆಟ್ಟಿಲ ಬುಡಕ್ಕೆ ಬಂದವರು ಮೊದಲು ಮೇಲೆ ನೋಡಿದರು, ಆಮೇಲೆ ರೊಟ್ಟಿ ನೋಡಿದರು. ಊರುಗೋಲಿನವರು ನಿಂತರು. ಮಗುವಿನ ತಳ್ಳುಗಾಡಿ ತಂದಿದ್ದ ಇಬ್ಬರು ಅಪ್ಪಂದಿರು ನಿಂತರು. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ಸಿಂಗರಿಸಿಕೊಂಡು ಬಂದಿದ್ದ ಗಂಡಸರು ಮೆಟ್ಟಿಲು ಎಣಿಸಿ, ಹನ್ನೆರಡಕ್ಕೆ ಎಣಿಕೆ ಬಿಟ್ಟು, ಅಲ್ಲೇ ಕೂತರು. ಏಳು ಗಂಟೆಗೆ ಬೀದಿ ತುಂಬಿತ್ತು.

ತಿರ್ಜಾ ಬೀದಿಯ ನಡುವೆ ಕುರ್ಚಿ ತಂದು ನಿಲ್ಲಿಸಿ ಕೈ ಚಾಚಿದರು. "ಬಾರೆ. ಹಿಟ್ಟಿನ ಕೈಯೇ ಆಗ್ಲಿ."

"ನಂಗೆ ಕುಣಿಯೋಕೆ ಬರಲ್ಲ ಕಣೆ," ಅಂದರು ರೌದಾ.

"ಇಷ್ಟು ವರ್ಷ ಹೋಗಿ ಏನು ಮಾಡ್ತಿದ್ದೆ?"

"ಗೋಡೆಗೆ ಒರಗಿ ನಿಂತಿದ್ದು, ಬಂದು ನಿಂಗೆ ಕಥೆ ಹೇಳ್ತಿದ್ದೆ."

ರೌದಾ ಎರಡೂ ಕೈ ಕೊಟ್ಟರು. ಕುರ್ಚಿ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು, ರೌದಾ ಹೆಜ್ಜೆ ತಪ್ಪಿ ತಿರ್ಜಾರ ಮಡಿಲಲ್ಲಿ ಕೂತರು, ಕೂತವರು ಏಳಲಿಲ್ಲ. ನಡಾವಳಿ ಪುಸ್ತಕದಲ್ಲಿ ಇಂಥದ್ದಕ್ಕೆ ಅಂಕಣ ಇಲ್ಲ. ನಾನು ಪೆನ್ನು ಜೇಬಿಗಿಟ್ಟೆ.

ಪ್ರಶಸ್ತಿಯ ಪರಿಶೀಲಕಿ ಹೆಫ್ಜಿಬಾ ಎಂಬ ಎಪ್ಪತ್ತು ದಾಟಿದ ಹೆಂಗಸು. ಅವರು ಟ್ಯಾಕ್ಸಿಯಿಂದ ಇಳಿದು, ಮೆಟ್ಟಿಲು ನೋಡಿ, ರೌದಾ ಕೊಟ್ಟ ಕುರ್ಚಿಯಲ್ಲಿ ಕೂತು, ಎರಡು ರೊಟ್ಟಿ ತಿಂದು ತಮ್ಮ ಹಾಳೆಯಲ್ಲಿ ನೂರಕ್ಕೆ ನೂರು ಅಂಕ ತುಂಬಿದರು. "ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಬರೋರನ್ನ ಹತ್ತಿಸದೇ ಇರೋ ಸಮಿತಿ ಇದೇ ಮೊದ್ಲು ನೋಡಿದ್ದು," ಅಂದರು.

ಮೇಲಿನ ಕಂಬಿಯಿಂದ ಎವ್ಯಾತಾರ್ ಧ್ವನಿ ಬಂತು. "ತಿರ್ಜಕ್ಕ, ನಮ್ಮನ್ನ ಇಳಿಸೋರು ಯಾರು?"

"ಆ ಮೆಟ್ಟಿಲು ನನ್ನ ವ್ಯಾಪ್ತಿಗೆ ಬರಲ್ಲಪ್ಪ," ಅಂದರು ತಿರ್ಜಾ. ಆದರೂ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಐವರಿಗೂ ರೊಟ್ಟಿ ಮೇಲೆ ಹೋಯಿತು. ಉಪ್ಪಿನಕಾಯಿ ಸಾಲದೆಂದು ಬುಟ್ಟಿ ಒಮ್ಮೆ ಖಾಲಿ ಕೆಳಗೆ ಬಂತು.

ಪ್ರಶಸ್ತಿ ಬಂದ ಮೇಲೆ ಉಪಸಮಿತಿಯ ಜವಾಬ್ದಾರಿ ಹೆಚ್ಚಿತು. ಮುಂದಿನ ವರ್ಷದಿಂದ ಎಲ್ಲರ ಸಂಜೆ ಅಧಿಕೃತವಾಗಿ ಬೀದಿಯಲ್ಲೇ. ಬರುವವರು ಅತಿಯಾದ್ದರಿಂದ, ಮೆಟ್ಟಿಲು ಹತ್ತಲಾರೆ ಎಂಬ ವೈದ್ಯರ ಪತ್ರ ತಂದವರಿಗೆ ಮಾತ್ರ ಪ್ರವೇಶ. ಉಳಿದವರು ದಯವಿಟ್ಟು ಮೇಲಿನ ಮಹಡಿಯಿಂದ ನೋಡತಕ್ಕದ್ದು. ಯಾರೂ ಆಕ್ಷೇಪಿಸಲಿಲ್ಲ. ಒಂದೇ ವಾರದಲ್ಲಿ ನಮ್ಮ ಬಡಾವಣೆಯ ವೈದ್ಯರು ಇನ್ನೂರ ಅರವತ್ತು ಮೊಣಕಾಲುಗಳನ್ನು ತಪಾಸಣೆ ಮಾಡಿ ಎಲ್ಲದರಲ್ಲೂ ದೋಷ ಕಂಡುಹಿಡಿದರು.

ತಿರ್ಜಾರ ಅರ್ಜಿ ಮಾತ್ರ ತಿರಸ್ಕೃತವಾಯಿತು. 'ಕೊನೆಯ ಬಾರಿ ಮೆಟ್ಟಿಲು ಹತ್ತಿದ ದಿನಾಂಕ' ಎಂಬ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು. ಹುಟ್ಟಿದಾಗಿನಿಂದ ಅವರು ಹತ್ತಿಲ್ಲ. ರೌದಾ ಅವರ ಪರವಾಗಿ ಎರಡನೆಯ ಅರ್ಜಿಯಲ್ಲಿ ಕಳೆದ ಮಂಗಳವಾರದ ದಿನಾಂಕ ತುಂಬಿದರು. ಅದು ಸರಿಯಾಗಿದೆ ಎಂದು ಕೂಡಲೇ ಅಂಗೀಕರಿಸಲಾಯಿತು.

ನನ್ನದು ಮೊದಲ ದಿನವೇ ಪಾಸಾಗಿತ್ತು. ಬಲ ಮೊಣಕಾಲು.