ಭಾವನವರ ವಿಮಾನದ ಕೊಳವೆಗಳು

ಗಿರಣಿ ಇಟ್ಟುಕೊಂಡ ಮನುಷ್ಯ ಗಿರಣಿಯನ್ನಷ್ಟೇ ನೋಡಿಕೊಂಡಿದ್ದರೆ ಮನೆಯಲ್ಲಿ ಇಂಥವೆಲ್ಲ ನಡೆಯುವುದಿಲ್ಲ. ನಮ್ಮ ಭಾವನವರು ಹೊನ್ನಾಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತ, ಹಿತ್ತಲಲ್ಲಿ ವಿಮಾನ ಕಟ್ಟುತ್ತಿದ್ದರು. ಹಾಗಾಗಿ ಏನಾದರೊಂದು ನಡೆಯುತ್ತಲೇ ಇತ್ತು. ಆಗಷ್ಟೇ ಯುದ್ಧ ಮುಗಿದು, ಮಿಲಿಟರಿಯವರಿಗೆ ಬೇಡವಾದ ಅಲ್ಯೂಮಿನಿಯಂ ಕೊಳವೆಗಳು ಗುಜರಿಗೆ ಬಂದಿದ್ದವು. ಚನ್ನಗಿರಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ನನಗೆ ಕೊಳವೆ ಬಾಗಿಸಲು ಬರುತ್ತದೆಂದು ಕರೆಸಿಕೊಳ್ಳುತ್ತಿದ್ದರು. ವಾಪಸು ಹೊರಟಾಗಲೆಲ್ಲ ಅಕ್ಕ ಬಾಗಿಲಿಗೆ ಬಂದು, "ಕಟ್ಟಿಕೊಡು, ಬ್ಯಾಡ ಅನ್ನಲ್ಲ. ಅವರು ಅದ್ರಿಂದ ಬಿದ್ರೆ ಈ ಕೂಸು ಕಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ, ಅದನ್ನೂ ಹೇಳಿ ಹೋಗು" ಎನ್ನುತ್ತಿದ್ದಳು. ನನಗೂ ಒಳಗೊಳಗೇ ಅದೇ ಭಯ.

ಊಟಕ್ಕೆ ಹೋಗಿ ಬಂದಾಗ

ಆ ಕೊಳವೆಗೆ ಸೋಪು ಬಳಿದು ಕೆಂಡದ ಮೇಲೆ ಕಾಯಿಸಬೇಕು. ಸೋಪು ಕಪ್ಪಾದ ಮೇಲೂ ಸ್ವಲ್ಪ ಹೊತ್ತು ಬಿಟ್ಟು ನೀರಿಗೆ ಅದ್ದಿದರೆ ಮೆತ್ತಗಾಗುತ್ತದೆ. ಒಮ್ಮೆ ಅರ್ಧ ಬಾಗಿಸಿಟ್ಟು, ಹಿತ್ತಲ ಬಾಗಿಲಿಗೆ ಬೀಗ ಹಾಕಿ ಊಟಕ್ಕೆ ಹೋದೆವು. ಉಂಡು, ಒಂದು ನಿದ್ದೆ ತೆಗೆದು ಬಂದರೆ ಕೊಳವೆ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಇಬ್ಬರೂ ಜೋತುಬಿದ್ದೆವು. ಬೀಗ ಹಾಗೇ ಇತ್ತು, ಯಾರೂ ಒಳಗೆ ಬಂದಿರಲಿಲ್ಲ. ಹಾಡಹಗಲೇ ಇಬ್ಬರೂ ಕೊಳವೆ ಬಿಟ್ಟು ದೂರ ಸರಿದೆವು.

ಅಕ್ಕನ ಅತ್ತೆ ಬಂದು ಕೊಳವೆಯ ಬಾಯಿಗೆ ಕಿವಿ ಇಟ್ಟರು. "ಒಳಗೆ ಯಾರೋ ಕೈಕಾಲು ಸೆಟೆಸ್ಕೊಂಡು ಮಲಗ್ಯಾರೆ" ಎಂದರು.

ಹಾಗೆ ಮೆತ್ತಗಾದ ಆ ಲೋಹ ಕೆಲವು ತಾಸಿನಲ್ಲಿ ತಾನೇ ಗಟ್ಟಿಯಾಗುತ್ತದೆಂದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅಂದು ಭಾವ ಬೆವರು ಒರೆಸಿಕೊಳ್ಳುತ್ತ, "ಮಲಗ್ಲಿ ಬಿಡವ್ವಾ. ಉಂಡು ನಾವು ಮಲಗಲಿಲ್ವಾ? ಎದ್ದ ಮೇಲೆ ಬಗ್ಗಿಸ್ತೀವಿ" ಎಂದರು.

ನ್ಯಾಮತಿ ದಾರಿಯ ಅಳು

ಶಿವಮೊಗ್ಗದ ಗುಜರಿಯಿಂದ ಕೊಳವೆಗಳನ್ನು ಬಸ್ಸಿನ ಮೇಲೆ ಕಟ್ಟಿ ತರುತ್ತಿದ್ದೆ. ನ್ಯಾಮತಿ ಹತ್ತಿರ ಬಂದಾಗ ತಲೆಯ ಮೇಲೆ ಯಾರೋ ಅಳತೊಡಗಿದರು. ಹೆಂಗಸಿನ ದನಿ, ಉದ್ದಕ್ಕೆ ಎಳೆದು ಎಳೆದು. ಬಸ್ಸು ನಿಂತರೆ ಅಳು ನಿಲ್ಲುತ್ತದೆ, ಹೊರಟರೆ ಶುರು. ಕಂಡಕ್ಟರು ಟಿಕೆಟ್ ಕೊಡುವುದು ಬಿಟ್ಟು ಡ್ರೈವರನ ಪಕ್ಕ ಹೋಗಿ ಕೂತ.

ಕೊಳವೆಯೊಳಗೆ ಗಾಳಿ ಹೊಕ್ಕು ಊದುತ್ತಿದೆಯೆಂದು, ಬಸ್ಸು ನಿಂತಾಗ ನಾನು ಮೇಲೆ ಹತ್ತಿ, ಅವುಗಳ ಬಾಯಿಗೆಲ್ಲ ಬಟ್ಟೆ ತುರುಕಿ ಇಳಿದೆ. "ಇನ್ನು ಅಳಲ್ಲ, ಹೊರಡ್ರಿ" ಎಂದೆ. ಬಸ್ಸು ಹೊರಟಿತು. ಅಳು ಮತ್ತೆ ಕೇಳಿಸಿತು. ಈಗ ನಾನೇ ನಿಲ್ಲಿಸಲು ಕೂಗಿದೆ. ಬಸ್ಸು ನಿಲ್ಲಿಸಿದರೆ ಈ ಸಲ ಅಳು ನಿಲ್ಲಲೇ ಇಲ್ಲ.

ತಿರುಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಯಾಕಜ್ಜಿ ಎಂದು ಕೇಳಿದೆ.

"ಪಾಪ, ಅಷ್ಟೊತ್ತಿಂದ ಒಬ್ಬಳೇ ಅಳ್ತಿದ್ಳಲ್ಲಪ್ಪಾ. ಯಾರಾದ್ರೂ ಜೊತೆಗೆ ಬ್ಯಾಡ್ವಾ?"

ಜಗಳೂರಿನ ಬಯಲು

ಮರಗಿಡ ಅಡ್ಡ ಬರುವುದಿಲ್ಲವೆಂದು ಜಗಳೂರಿನ ಬಯಲನ್ನು ಆರಿಸಿ, ವಿಮಾನವನ್ನು ಲಾರಿಯಲ್ಲಿ ಒಯ್ದೆವು. ಹಿಂದಿನ ವಾರ ನಾನೂ ಭಾವನೂ ಎತ್ತುತ್ತಿದ್ದ ಬಾಲ ಅಂದು ನಾಲ್ವರಿಗೂ ಜಗ್ಗಲಿಲ್ಲ. ಹೊಸದಾಗಿ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ.

"ಯಾರೋ ಆಗ್ಲೇ ಹತ್ತಿ ಕುಂತಂಗೈತೆ" ಎಂದ ಲಾರಿಯವನು.

ಅಕ್ಕ ಬೆಳಗಿನಿಂದ ನೀರೂ ಕುಡಿಯದೆ ಕೂಸನ್ನು ಅವಚಿಕೊಂಡು ನಿಂತಿದ್ದಳು. ಭಾವ ಹತ್ತಿ ಕೂತರು. ವಿಮಾನ ಬಯಲುದ್ದಕ್ಕೂ ಓಡಿತು, ಗೇಣುದ್ದವೂ ಏಳಲಿಲ್ಲ. ಕೊನೆಗೆ ಒಂದು ದಿಣ್ಣೆಗೆ ಬಡಿದು ನಿಂತಿತು. ಕೂಡಲೇ ಅದರ ಮೈಯಿಂದೆಲ್ಲ ಬೆಳ್ಳಗೆ ಹೊಗೆ ಎದ್ದಿತು. ಬೆಂಕಿ ಇಲ್ಲ, ವಾಸನೆ ಇಲ್ಲ. ನೋಡಲು ಬಂದವರು ಅಡ್ಡಬಿದ್ದರು. ಅಕ್ಕ ಕೂಸನ್ನು ನನ್ನ ಕೈಗೆ ಹಾಕಿ ಓಡಿದಳು. ಹೊಗೆಯೊಳಗಿಂದ ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದ ಆಕಾರವೊಂದು ಎದ್ದು ಬಂದು ಕೆಮ್ಮಿತು. ಭಾವನೇ.

ಅವರು ಸಂದು ಬಿಟ್ಟಿದ್ದ ಒಂದು ಕೊಳವೆಯ ಬಿರಡೆ ಕಿತ್ತರು. ಒಳಗೆಲ್ಲ ವಿಭೂತಿ.

"ಯಾರು ತುಂಬಿದ್ದು ಇದನ್ನ?"

"ನಿಮಗೇನೂ ಆಗಬಾರ್ದು ಅಂತ ನಾನು ಒಂದೊಂದಕ್ಕೆ ಒಂದೊಂದು ಹಿಡಿ ಹಾಕಿದ್ದೆ, ಅಷ್ಟೇ" ಎಂದಳು ಅಕ್ಕ.

ಅವಳ ಅತ್ತೆ ಹಿಂದಿನಿಂದ, "ನಾನು ಹಾಕಾಕೆ ಹೋದಾಗ ಅರೆಬರೆ ಇತ್ತು. ದೇವರ ಕೆಲಸ ಅರ್ಧಕ್ಕೆ ಬಿಡಬಾರ್ದು ಅಂತ ತುಂಬಿಸ್ದೆ" ಎಂದರು.

"ಇಷ್ಟು ಭಾರ ಹೇರಿದ್ರೆ ಹಾರೋದು ಹೆಂಗೆ?" ಎಂದು ಭಾವ ಕೂಗಾಡಿದರು.

ಅಕ್ಕ ಸೆರಗಿನಿಂದ ಅವರ ಮುಖ ಒರೆಸುತ್ತ ಹೇಳಿದಳು: "ಹಾರ್ಲಿ ಅಂತ ಯಾರು ಬೇಡ್ಕೊಂಡಿದ್ರು? ಬೀಳಬಾರ್ದು ಅಂತ ಬೇಡ್ಕೊಂಡಿದ್ದು. ಬಿದ್ರಾ?"